ನಾಲಿಗೆ ಅಂಟಿದ ಕೂಸಿಗೆ ಹಾಲೂಡಿಸುವುದು

ಕೇಳುಗರಿಗೆ ನಮಸ್ಕಾರ. ನಾಲಿಗೆಯ ಅಡಿಯಲ್ಲಿ ತೆಳ್ಳನೆಯ ಪೊರೆಯೊಂದು ನಮಗೆಲ್ಲರಿಗೂ ಇದೆ. ಕೆಲವು ಶಿಶುಗಳಲ್ಲಿ ಅದು ಗಿಡ್ಡವಾಗಿ, ಬಿಗಿಯಾಗಿ, ತುದಿಯವರೆಗೂ ಬಂದಿರುತ್ತದೆ. ಕೂಸು ಅತ್ತಾಗ ನಾಲಿಗೆ ಮೇಲೇಳುವುದಿಲ್ಲ, ತುದಿ ನಡುವೆ ಸೀಳಿದಂತೆ ಕಾಣುತ್ತದೆ. ನೋಡಿದ ನೆಂಟರು ಸುಮ್ಮನಿರುತ್ತಾರೆಯೇ? “ಕತ್ತರಿಸಿಬಿಡಿ, ಇಲ್ಲದಿದ್ದರೆ ಮಾತು ಬರಲ್ಲ” ಎನ್ನುತ್ತಾರೆ. ಅವಸರ ಬೇಡ. ಮುಂದೆ ಮಾತಿಗೆ ತೊಂದರೆಯಾದೀತೆಂಬ ಭಯಕ್ಕೆ ಈಗಲೇ ಕತ್ತರಿಸುವುದನ್ನು ತಜ್ಞರು ಒಪ್ಪುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2024ರಲ್ಲಿ ಹೇಳಿದಂತೆ, ನಾಲಿಗೆ ಅಂಟಿದ ಶಿಶುಗಳಲ್ಲಿ ಹಾಲು ಕುಡಿಯಲು ಕಷ್ಟಪಡುವವು ಅರ್ಧಕ್ಕಿಂತ ಕಡಿಮೆ.

ಆದ್ದರಿಂದ ಬಾಯಿ ತೆರೆಸಿ ನೋಡಿದರಷ್ಟೇ ಸಾಲದು. ಕೂಸು ಹಾಲು ಕುಡಿಯುವುದನ್ನು ಮೊದಲಿನಿಂದ ಕೊನೆಯವರೆಗೆ ಯಾರಾದರೂ ತಿಳಿದವರು ಕೂತು ನೋಡಬೇಕು. ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ಅಷ್ಟು ಪುರುಸೊತ್ತು ಸಿಗುವುದು ಕಷ್ಟ, ಬಲ್ಲೆ, ಆದರೂ ಕೇಳಿ. ಕೂಸು ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿತುಂಬ ಹಿಡಿಯುತ್ತದೆಯೇ? ನುಂಗುವ ಸದ್ದು ಕೇಳುತ್ತದೆಯೇ, ಅಥವಾ ಹಿಡಿತ ಜಾರಿ ಜಾರಿ ಲೊಟಕೆ ಹೊಡೆದಂಥ ಸದ್ದೇ? ಬಾಯಿಂದ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕೂಸು ಹಾಲನ್ನು ಚೀಪುವ ಬದಲು ತೊಟ್ಟನ್ನು ಒಸಡಿನಿಂದ ಜಗಿಯುತ್ತಿದೆ ಎಂದರ್ಥ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ ಅಳತೆಪಟ್ಟಿಯೊಂದಿದೆ. ತುದಿಯ ಆಕಾರ, ಪೊರೆ ಅಂಟಿರುವ ಜಾಗ, ನಾಲಿಗೆ ಎಷ್ಟು ಏಳುತ್ತದೆ, ಎಷ್ಟು ಹೊರಚಾಚುತ್ತದೆ ಎಂದು ನೋಡಿ 8ಕ್ಕೆ ಅಂಕ ಕೊಡುತ್ತಾರೆ. ಅಂಕ ಕಡಿಮೆ ಬಂದರೂ ಕೂಸು ಚೆನ್ನಾಗಿ ಕುಡಿದು ಬೆಳೆಯುತ್ತಿದ್ದರೆ ಕತ್ತರಿಯ ಮಾತೇ ಬೇಡ. ಹುಟ್ಟಿದಾಗಿನ ತೂಕ ಸುಮಾರು ಎರಡು ವಾರದೊಳಗೆ ಮರಳಬೇಕು; ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಮೂತ್ರ ಹೋಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಹಾಕಿಸಿಕೊಳ್ಳಿ.

ಕಷ್ಟವಿದ್ದರೆ ಮೊದಲು ಭಂಗಿ ಬದಲಿಸಿ. ತಾಯಿ ದಿಂಬಿಗೆ ಒರಗಿ ಕೂಸನ್ನು ಎದೆಯ ಮೇಲೆ ಬೋರಲು ಮಲಗಿಸಿಕೊಂಡರೆ ಅದರ ಗಲ್ಲ ಎದೆಗೆ ಒತ್ತುತ್ತದೆ, ಬಾಯಿ ಅಗಲವಾಗುತ್ತದೆ. ಹೊಟ್ಟೆ ತುಂಬದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ; ಒಳಲೆಯನ್ನು ಮೊದಲು ತೊಳೆದು ನೀರಿನಲ್ಲಿ ಕುದಿಸಿರಬೇಕು. ನಮ್ಮ ಅಜ್ಜಿಯರ ಒಳಲೆಯನ್ನು ಬಾಟಲಿಗಾಗಿ ಅಟ್ಟಕ್ಕೆ ಹಾಕಿದ್ದು ನನಗಂತೂ ಸರಿಕಾಣುವುದಿಲ್ಲ. ನಾಲಿಗೆಗೆ ಬಜೆ, ಜೇನು ತಿಕ್ಕುವುದು ಮಾತ್ರ ಬೇಡ.

ಇಷ್ಟಾದರೂ ತಾಯಿಯ ತೊಟ್ಟಿನ ನೋವು ತಗ್ಗದಿದ್ದರೆ, ಕೂಸಿನ ತೂಕ ಏರದಿದ್ದರೆ ವೈದ್ಯರು ಪೊರೆಯನ್ನು ಕತ್ತರಿಸುತ್ತಾರೆ. ಕೆಲವೇ ಕ್ಷಣದ ಕೆಲಸ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಹಾಕಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ರಕ್ತಸ್ರಾವದ ದೃಷ್ಟಿಯಿಂದ ಅದು ಮುಖ್ಯ. ಕತ್ತರಿಸಿದ ಮೇಲೆ ಬಾಣಂತಿಯ ನೋವು ಬೇಗ ಇಳಿಯಬಹುದು, ಆದರೆ ಕೂಸಿನ ಕುಡಿತ ಸುಧಾರಿಸಿಯೇ ತೀರುತ್ತದೆ ಎನ್ನಲಾಗದು. ಭಂಗಿಯ ಅಭ್ಯಾಸ ಮುಂದುವರಿಸಿ. ಕೂಸು ಎಬ್ಬಿಸಿದರೂ ಕುಡಿಯದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಮಸ್ಕಾರ.