ಧಾರಣೆ ಹೊತ್ತು ತರುವ ಸುದ್ದಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಇಬ್ಬರು ಅಡಿಕೆ ಕೃಷಿಕರು ಎದುರಾದರೆ ಮೊದಲ ಮಾತು ಮಳೆಯದು, ಎರಡನೆಯದು ಧಾರಣೆಯದು. ಚಾಲಿಗೆ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಗೆ, ಐದು ರೂಪಾಯಿ ಏರಿತಂತೆ ಎಂದರೆ ಸಾಕು, ಅಟ್ಟದ ಗೋಣಿ ಕೆಳಗಿಳಿಯುತ್ತದೆ. ಏಕೆ ಏರಿತು? ಉತ್ತರ ಭಾರತದಲ್ಲಿ ಬೇಡಿಕೆ ಬಂತೋ, ಎಲ್ಲೋ ಕೊಳೆರೋಗಕ್ಕೆ ಫಸಲು ಉದುರಿತೋ, ಗೊತ್ತಿಲ್ಲದಿದ್ದರೂ ವ್ಯವಹಾರ ನಡೆಯುತ್ತದೆ. ಅರ್ಥಶಾಸ್ತ್ರಜ್ಞ ಫ್ರೀಡ್ರಿಖ್ ಹಾಯೆಕ್ 1945ರ ಪ್ರಬಂಧವೊಂದರಲ್ಲಿ ಹೇಳಿದ್ದು ಇದನ್ನೇ. ಅವರ ಉದಾಹರಣೆ ತವರದ್ದು. ತವರ ಏಕೆ ಅಪರೂಪವಾಯಿತೆಂದು ಬಳಸುವವನಿಗೆ ತಿಳಿಯಬೇಕಾಗಿಲ್ಲ. ಬೆಲೆ ಏರಿದ್ದು ಕಂಡರೆ ಕೈ ಹಿಡಿದು ಬಳಸುತ್ತಾನೆ. ಮುಕ್ತ ಮಾರುಕಟ್ಟೆಯ ಚಿಂತನೆಯಲ್ಲಿ ಇಂದಿಗೂ ಅಲುಗದೆ ನಿಂತಿರುವ ಭಾಗ ಇದು. ಅದನ್ನು ವಿರೋಧಿಸುವವರೂ ಅಂಗಡಿಗೆ ಹೊರಡುವ ಮೊದಲು ಧಾರಣೆ ಕೇಳಿಯೇ ಹೊರಡುತ್ತಾರೆ.

ಆದರೆ ಧಾರಣೆ ನಿಜ ಹೇಳಬೇಕಾದರೆ ಕೊಳ್ಳುವವರು ಹಲವರಿರಬೇಕು. 1776ರ ತಮ್ಮ ದೊಡ್ಡ ಗ್ರಂಥದಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, ತನ್ನ ಲಾಭ ನೋಡುವವನಿಂದಲೂ ಎಲ್ಲರಿಗೆ ಒಳಿತು ಮಾಡಿಸುವ 'ಅದೃಶ್ಯ ಹಸ್ತ'ದ ಮಾತು ಎತ್ತಿದ್ದು ಒಂದೇ ಒಂದು ಸಲ. ಒಂದೇ ಕಸುಬಿನ ವ್ಯಾಪಾರಿಗಳು ಮೋಜಿಗೆಂದು ಸೇರಿದರೂ ಮಾತು ಕೊನೆಗೆ ಜನರ ವಿರುದ್ಧದ ಒಳಸಂಚಿಗೇ ತಿರುಗುತ್ತದೆ ಎಂದೂ ಅದೇ ಗ್ರಂಥದಲ್ಲಿ ಬರೆದಿದ್ದಾರೆ. ಹಸ್ತವನ್ನು ನೆನಪಿಸುವವರು ಇದನ್ನು ಮರೆಯುವುದೇ ಹೆಚ್ಚು. ನಮ್ಮ ಕೇರಳದಲ್ಲಿ ಎಪಿಎಂಸಿ ಕಾಯ್ದೆ, ಅಂದರೆ ಕೃಷಿ ಮಾರುಕಟ್ಟೆಯನ್ನು ನಿಯಂತ್ರಿಸುವ ಕಾಯ್ದೆ, ಇಲ್ಲ. ಕಾಯ್ದೆ ಇಲ್ಲವೆಂದ ಮಾತ್ರಕ್ಕೆ ಪೈಪೋಟಿ ಹುಟ್ಟುವುದಿಲ್ಲ. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿದು ಕೃಷಿಕರು ಕಂಗಾಲಾದ ಮೇಲೆ, 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಸಂಘ ಮಾರುಕಟ್ಟೆಗೆ ಎದುರಾಳಿ ಎಂಬ ಮಾತು ಇಲ್ಲಿ ಸಲ್ಲದು. ಇನ್ನೊಬ್ಬ ಗಟ್ಟಿ ಖರೀದಿದಾರ ಬಂದದ್ದರಿಂದಲೇ ಮಾರುಕಟ್ಟೆ ಮಾರುಕಟ್ಟೆಯಾಯಿತು.

ಎರಡನೆಯ ತೊಡಕು ಗುಣಮಟ್ಟದ್ದು. ಚಾಲಿಗೆ ನಲುವತ್ತು ದಿನಕ್ಕೆ ಕಡಿಮೆಯಿಲ್ಲದ ಬಿಸಿಲು ಬೇಕು. ಅವಸರ ಮಾಡಿದರೆ ಸಿಪ್ಪೆ ಗರಿಗರಿ, ಒಳಗೆ ಹಸಿ, ಗೋಣಿಯಲ್ಲಿ ಬೂಸ್ಟು. ಖರೀದಿಸುವವರು ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಸೀಳುತ್ತಾರೆ. ಒಂದು ಕಪ್ಪಗಿದ್ದರೂ ಇಡೀ ಗೋಣಿಯ ಮೇಲೆ ಸಂಶಯ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: 100 ಕಿಲೋದಲ್ಲಿ 80 ಒಳ್ಳೆಯದು, ಕಿಲೋಗೆ 400 ರೂಪಾಯಿ, ಉಳಿದ 20 ಪಟೋರ, ಕರಿಗೋಟು ಎಂಬ ಕೆಳದರ್ಜೆಯದು, ಕಿಲೋಗೆ 300. ಬೇರ್ಪಡಿಸಿ ಕೊಟ್ಟರೆ 38,000. ಬೆರಕೆಯಾಗಿ ಒಯ್ದರೆ ಸರಾಸರಿ 380 ಸಿಗುವುದಿಲ್ಲ. ಹೆಕ್ಕುವ ಕೂಲಿ, ಸಂಶಯದ ಕಡಿತ ಕಳೆದು 360 ಹೇಳಿದರೆ ಕೈಗೆ 36,000. ಹೆಕ್ಕುವ ಆಳಿನ ಸಂಬಳ 2,000ಕ್ಕಿಂತ ಕಡಿಮೆಯಾದರೆ ಹೆಕ್ಕಿಸಿಯೇ ಒಯ್ಯಿರಿ.

1991ರ ಜುಲೈ ತಿಂಗಳಲ್ಲಿ ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್‌ನಿಂದ ದೇಶದ ಬಾಗಿಲು ತೆರೆಯಿತು. ಅಡಿಕೆಗೆ ಮಾತ್ರ ಅಗುಳಿ ಉಳಿಯಿತು: 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ಬರುವಂತಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಮಾರುವಾಗ ಮುಕ್ತ ಪೈಪೋಟಿ, ಹೊರಗಿನ ಅಡಿಕೆಗೆ ಬೇಲಿ, ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಕೇಳುವುದು ತಪ್ಪಲ್ಲ, ಆದರೆ ಎರಡೂ ಒಂದೇ ಸಿದ್ಧಾಂತವಲ್ಲ ಎಂಬುದು ಗೊತ್ತಿರಲಿ.

ಇನ್ನು ಹಳೆ ಅಡಿಕೆಯಾಗಲಿ, ಧಾರಣೆ ಹೆಚ್ಚು ಸಿಗಲಿ ಎಂದು ವರ್ಷ ಕಾಯುವವರಿಗೆ ಒಂದು ಲೆಕ್ಕ. ಇಂದು 100 ಕಿಲೋ 400ರಂತೆ ಕೊಟ್ಟರೆ 40,000. ಬ್ಯಾಂಕಿನ ಸಾಲಕ್ಕೆ ನೂರಕ್ಕೆ ಒಂಬತ್ತರಂತೆ ವರ್ಷದ ಬಡ್ಡಿ 3,600. ತೂಕದಲ್ಲಿ ಎರಡು ಕಿಲೋ ಇಳಿಯಿತೆಂದುಕೊಳ್ಳಿ. ಆಗ 98 ಕಿಲೋದಿಂದ 43,600 ಬರಬೇಕು, ಅಂದರೆ ಕಿಲೋಗೆ 445 ರೂಪಾಯಿ. ಹುಳ ಹಿಡಿದರೆ ಅದೂ ಸಾಲದು.

ನಮಸ್ಕಾರ.