ಫೈಲ್ ಕೆಟ್ಟಿಲ್ಲ, ಫಾರ್ಮ್ಯಾಟ್ ಬೇಡ

ಕೇಳುಗರೇ, ನಮಸ್ಕಾರ.

ಕಂಪ್ಯೂಟರ್ ಆನ್ ಮಾಡುತ್ತೀರಿ. ನೋಡಿದರೆ ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳೆಲ್ಲ ಒಂದೇ ಥರ ಆಗಿಬಿಟ್ಟಿವೆ. ಬ್ರೌಸರ್ ಒತ್ತಿದರೂ ನೋಟ್‌ಪ್ಯಾಡ್, ಟ್ಯಾಲಿ ಒತ್ತಿದರೂ ನೋಟ್‌ಪ್ಯಾಡ್. ಅದರೊಳಗೆ ತಲೆಬುಡ ಇಲ್ಲದ ಅಕ್ಷರಗಳು. ಪಕ್ಕದಲ್ಲಿದ್ದವರು ತಕ್ಷಣ ಹೇಳುತ್ತಾರೆ: "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿಬಿಡಿ." ಸ್ವಲ್ಪ ತಡೆಯಿರಿ. ನಿಮ್ಮ ಲೆಕ್ಕಪತ್ರ, ಫೋಟೋ, ಮಕ್ಕಳ ಪ್ರಾಜೆಕ್ಟ್ ಎಲ್ಲ ಇದ್ದಲ್ಲೇ ಇವೆ. ಯಾವ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕು ಅನ್ನುವ ಲೆಕ್ಕ ಮಾತ್ರ ತಪ್ಪಿದೆ.

ಫೈಲಿನ ಹೆಸರಲ್ಲಿ ಕೊನೆಯ ಚುಕ್ಕೆಯ ನಂತರ ಒಂದಿಷ್ಟು ಅಕ್ಷರ ಇರುತ್ತವಲ್ಲ, ಪಿಡಿಎಫ್, ಜೆಪಿಜಿ, ಡಾಕ್ಸ್ ಅಂತ, ಅದೇ ಎಕ್ಸ್‌ಟೆನ್ಷನ್. ನೀವು ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ನೋಡುವುದು ಅದನ್ನೇ. ಫೈಲಿನ ಒಳಗೆ ಏನಿದೆ ಅಂತ ಇಣುಕುವ ಗೋಜಿಗೆ ಹೋಗುವುದಿಲ್ಲ. ಈ ಎಕ್ಸ್‌ಟೆನ್ಷನ್‌ಗೆ ಈ ಪ್ರೋಗ್ರಾಮ್ ಅಂತ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ, ಬರೆದಿರುತ್ತದೆ, ಅದರಂತೆ ತೆರೆಯುತ್ತದೆ, ಅಷ್ಟೇ.

ಹಾಗಾದರೆ ಐಕಾನ್‌ಗಳಿಗೆ ಏನಾಯಿತು? ಡೆಸ್ಕ್‌ಟಾಪ್‌ನಲ್ಲಿರುವುದು ಹೆಚ್ಚಾಗಿ ಶಾರ್ಟ್‌ಕಟ್‌ಗಳು. ಶಾರ್ಟ್‌ಕಟ್ ಕೂಡ ಒಂದು ಪುಟ್ಟ ಫೈಲೇ, ಪ್ರೋಗ್ರಾಮ್ ಎಲ್ಲಿದೆ ಅಂತ ದಾರಿ ತೋರಿಸುವಂಥದ್ದು. ಅದರ ಎಕ್ಸ್‌ಟೆನ್ಷನ್ ಎಲ್‌ಎನ್‌ಕೆ. ಇದು ನಿಮ್ಮ ಕಣ್ಣಿಗೆ ಬಿದ್ದೇ ಇರಲಿಕ್ಕಿಲ್ಲ, ಯಾಕೆಂದರೆ ಎಕ್ಸ್‌ಟೆನ್ಷನ್ ತೋರಿಸು ಎಂದು ಹೇಳಿದರೂ ವಿಂಡೋಸ್ ಇದೊಂದನ್ನು ತೋರಿಸುವುದಿಲ್ಲ. ಯಾರೋ ಒಂದು ಶಾರ್ಟ್‌ಕಟ್‌ಗೆ ನೋಟ್‌ಪ್ಯಾಡ್ ಆರಿಸಿ, "ಯಾವಾಗಲೂ ಇದರಲ್ಲೇ ತೆರೆ" ಅನ್ನುವ ಟಿಕ್ ತೆಗೆಯದೆ ಓಕೆ ಒತ್ತಿದರೆ ಮುಗಿಯಿತು. ಎಲ್ಲ ಶಾರ್ಟ್‌ಕಟ್‌ಗಳದ್ದೂ ಒಂದೇ ಎಕ್ಸ್‌ಟೆನ್ಷನ್ ಅಲ್ವಾ, ಎಲ್ಲವೂ ನೋಟ್‌ಪ್ಯಾಡ್ ಪಾಲಾದವು. ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ.

ಇಂಥ ಲೆಕ್ಕ ಎರಡು ಕಡೆ ಇರುತ್ತದೆ. ಒಂದು ಇಡೀ ಕಂಪ್ಯೂಟರಿಗೆ, ಇನ್ನೊಂದು ಒಬ್ಬೊಬ್ಬ ಬಳಕೆದಾರರಿಗೆ. ಎರಡರಲ್ಲಿ ಬಳಕೆದಾರರದ್ದೇ ಮೇಲುಗೈ. ಅದಕ್ಕೇ ಒಂದು ಸುಲಭ ಪರೀಕ್ಷೆ ಇದೆ. ಹೊಸ ಬಳಕೆದಾರರ ಖಾತೆ ತೆರೆದು ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಐಕಾನ್‌ಗಳು ಸರಿಯಿದ್ದರೆ ತೊಂದರೆ ನಿಮ್ಮ ಖಾತೆಯಲ್ಲಿ ಮಾತ್ರ. ಆಗ ರಿಜಿಸ್ಟ್ರಿಯ ನಿಮ್ಮ ಭಾಗದಲ್ಲಿ, ಫೈಲ್‌ಎಕ್ಸ್‌ಟ್ಸ್ ಅನ್ನುವ ಫೋಲ್ಡರಿನೊಳಗೆ, ಎಲ್‌ಎನ್‌ಕೆ ಅಡಿಯಲ್ಲಿರುವ ಯೂಸರ್‌ಚಾಯ್ಸ್ ಅನ್ನು ಅಳಿಸಿ, ಲಾಗಾಫ್ ಆಗಿ ಮತ್ತೆ ಬಂದರೆ ಸಾಕು. ಪೂರ್ತಿ ದಾರಿಯನ್ನು ರೇಡಿಯೋದಲ್ಲಿ ಓದಿದರೆ ನಿಮಗೂ ಕಷ್ಟ, ನನಗೂ ಕಷ್ಟ. ರಿಪೇರಿಯವರಿಗೆ ಈ ಮೂರು ಹೆಸರು ಹೇಳಿ, ಗೊತ್ತಾಗುತ್ತದೆ. ರಿಜಿಸ್ಟ್ರಿಗೆ ಕೈಹಾಕುವ ಮುಂಚೆ ಅದರ ಒಂದು ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿ ಇಡಲಿ.

ಇದಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಇಎಕ್ಸ್‌ಇ. ಪ್ರೋಗ್ರಾಮ್‌ಗಳ ಎಕ್ಸ್‌ಟೆನ್ಷನ್ ಅದು. 2010ರ ಆಸುಪಾಸಿನಲ್ಲಿ ನಕಲಿ ಆಂಟಿವೈರಸ್‌ಗಳ ಹಾವಳಿ ಇತ್ತು. ಅವುಗಳಲ್ಲಿ ಕೆಲವು ರಿಜಿಸ್ಟ್ರಿಯಲ್ಲಿ ಇಎಕ್ಸ್‌ಇಯ ಲೆಕ್ಕವನ್ನೇ ತಿರುಚಿ, ನೀವು ಏನು ಒತ್ತಿದರೂ ಮೊದಲು ತಾವೇ ಓಡುವ ಹಾಗೆ ಮಾಡುತ್ತಿದ್ದವು. ನಿಜವಾದ ಆಂಟಿವೈರಸ್ ಬಂದು ಆ ನಕಲಿಯನ್ನು ಅಳಿಸಿತು ಅನ್ನಿ. ರಿಜಿಸ್ಟ್ರಿಯಲ್ಲಿ ಅದರ ಹೆಸರು ಹಾಗೇ ಉಳಿದುಬಿಡುತ್ತಿತ್ತು. ವೈರಸ್ ಹೋಯಿತು, ಆದರೆ ಒಂದು ಪ್ರೋಗ್ರಾಮೂ ತೆರೆಯುತ್ತಿಲ್ಲ! ಜನ ಫಾರ್ಮ್ಯಾಟ್ ಮಾಡಿಸಿದ್ದು ಇಲ್ಲೇ. ಅಲ್ಲೂ ಬೇಕಿದ್ದದ್ದು ಒಂದೆರಡು ಸಾಲಿನ ತಿದ್ದುಪಡಿ.

ಪಿಡಿಎಫ್, ಫೋಟೋಗಳ ವಿಷಯ ಸಲೀಸು. ಫೈಲಿನ ಮೇಲೆ ಬಲಗಡೆಯ ಬಟನ್ ಒತ್ತಿ, ಓಪನ್ ವಿತ್‌ಗೆ ಹೋಗಿ, ಬೇಕಾದ ಪ್ರೋಗ್ರಾಮ್ ಆರಿಸಿ, ಯಾವಾಗಲೂ ಅಂತ ಹೇಳಿ. ವಿಂಡೋಸ್ 8ರಿಂದ ಈಚೆಗೆ ಈ ಆಯ್ಕೆಯ ಜೊತೆ ಒಂದು ಗುಪ್ತ ಗುರುತೂ ಸೇರಿರುತ್ತದೆ. ಬೇರೆ ಪ್ರೋಗ್ರಾಮ್ ಕದ್ದುಮುಚ್ಚಿ ಬದಲಾಯಿಸಿದರೆ ಗುರುತು ತಾಳೆಯಾಗುವುದಿಲ್ಲ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಹಾಗಾಗಿ ರಿಜಿಸ್ಟ್ರಿ ತಿದ್ದುವ ವಿಂಡೋಸ್ 7ರ ಕಾಲದ ರಿಪೇರಿ ಫೈಲ್‌ಗಳನ್ನು ಈಗ ಓಡಿಸಿದರೆ ಪ್ರಯೋಜನ ಆಗದೇ ಹೋಗಬಹುದು.

ಕೆಲವರು ಫೈಲ್ ತೆರೆಯದಿದ್ದರೆ ಎಕ್ಸ್‌ಟೆನ್ಷನ್ನೇ ಬದಲಾಯಿಸಿ ನೋಡುತ್ತಾರೆ. ಉಪ್ಪಿನ ಡಬ್ಬದ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಕಾಫಿ ಸಿಹಿಯಾಗುತ್ತದೆಯೇ? ಅದರ ಬದಲು ಫೈಲಿನ ಒಂದು ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಅಕ್ಷರಗಳನ್ನು ನೋಡಿ. ಶೇಕಡಾ ಚಿಹ್ನೆ, ಅದರ ಪಕ್ಕ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಪಿಡಿಎಫ್. ಪಿ ಮತ್ತು ಕೆ ಇದ್ದರೆ ಜಿಪ್, ಅಂದರೆ ಫೈಲ್‌ಗಳನ್ನು ಕುಗ್ಗಿಸಿ ಒಟ್ಟಿಗೆ ಕಟ್ಟಿದ ಗಂಟು. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಈಗಿನ ವರ್ಡ್, ಎಕ್ಸೆಲ್ ಫೈಲ್‌ಗಳೂ ಒಳಗೆ ಜಿಪ್ಪೇ, ಅವುಗಳಲ್ಲೂ ಪಿಕೆ ಕಾಣುತ್ತದೆ. ಇ-ಮೇಲ್‌ನಲ್ಲಿ ಎಕ್ಸ್‌ಟೆನ್ಷನ್ ಕಳೆದುಕೊಂಡು ಬಂದ ಫೈಲ್ ಗುರುತಿಸಲು ನನಗೆ ಇದೇ ಇಷ್ಟದ ಉಪಾಯ.

ಇನ್ನೊಂದು ಮಾತು. ಪರಿಚಿತ ಎಕ್ಸ್‌ಟೆನ್ಷನ್‌ಗಳನ್ನು ಮುಚ್ಚಿಡುವುದು ವಿಂಡೋಸಿನ ಹಳೇ ಚಾಳಿ, ನನಗಂತೂ ಅದು ಸರಿ ಕಾಣುವುದಿಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ಐ ಲವ್ ಯೂ ವೈರಸ್ ಹರಡಿದ್ದು ಇದರ ಮರೆಯಲ್ಲೇ. ಜನರ ಕಣ್ಣಿಗೆ ಪ್ರೇಮಪತ್ರದ ಟೆಕ್ಸ್ಟ್ ಫೈಲ್, ಮುಚ್ಚಿಹೋಗಿದ್ದ ನಿಜವಾದ ಎಕ್ಸ್‌ಟೆನ್ಷನ್ ವಿಬಿಎಸ್, ಅಂದರೆ ಓಡುವ ಪ್ರೋಗ್ರಾಮ್. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿ. ಇವತ್ತೇ ಮಾಡಿ. ಫೋನಿನಲ್ಲೂ ಹೆಸರಿನ ಕೊನೆ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ಕರೆಯೋಲೆಯ ಕೊನೆಗೆ ಎಪಿಕೆ ಅಂತಿದ್ದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಒತ್ತಬೇಡಿ, ಅಳಿಸಿ. ಕಳಿಸಿದವರಿಗೊಂದು ಫೋನ್ ಮಾಡಿ, ಅವರ ಖಾತೆಯೇ ಬೇರೆಯವರ ಕೈಗೆ ಹೋಗಿರಬಹುದು.

ನಮಸ್ಕಾರ.