ಹಕ್ಕಲಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಈಗಷ್ಟೇ ಹೊಲದಿಂದ ಬಂದು ಒಲೆ ಹಚ್ಚುತ್ತಿರುವ ಅಕ್ಕತಂಗಿಯರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ನಿಮ್ಮ ಬಗ್ಗೆಯೇ.

ಹವಾಮಾನ ಬದಲಾವಣೆ ಅಂದ ಕೂಡಲೇ ರೇಡಿಯೋ ಆಫ್ ಮಾಡಬೇಡಿ. ಮಳೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬಂದರೆ ಒಂದೇ ಸಲ ಸುರಿಯುತ್ತದೆ. ಬಿಸಿಲು ಜಾಸ್ತಿ. ಇದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಇದನ್ನು ಎದುರಿಸಲು ನಮ್ಮ ದೇಶ 2008ರಲ್ಲಿ ಒಂದು ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಿತು. ಅದರಲ್ಲಿ 8 ಮಿಷನ್‌ಗಳು. ಸೌರಶಕ್ತಿ, ನೀರು, ಕೃಷಿ, ಕಾಡು ಹೀಗೆ. ಹೆಂಗಸರ ಕಡೆ ವಿಶೇಷ ಗಮನ ಕೊಡಬೇಕು ಅಂತಲೂ ಆ ಯೋಜನೆಯಲ್ಲಿ ಬರೆದಿದೆ. ಸಂತೋಷದ ವಿಷಯ. ಆದರೆ ಹಣ ಕೊಡುವ ಹೊತ್ತಿಗೆ ಮೊದಲು ಕೇಳುವುದೇ, ಪಹಣಿ ಯಾರ ಹೆಸರಲ್ಲಿದೆ ಅಂತ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಪಹಣಿಯಲ್ಲಿ ಹೆಸರಿಲ್ಲದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗೋಣ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ರೈತರಿಂದ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತಿದ್ದ ರೈತರಿಗೆ ಇದು ದೊಡ್ಡ ಆಸರೆ. ಭೂಮಿ ಅವರ ಹೆಸರಲ್ಲೇ ಉಳಿಯಿತು. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ಆ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಕ್ಕ ಸಿಕ್ಕಿದರು. ತುಂಡು ಜಮೀನೂ ಇಲ್ಲದವರು. ಗಡಿಸೀಮೆ ನೋಡಿ, ಮಾತು ಅರ್ಧ ಕನ್ನಡ, ಅರ್ಧ ತೆಲುಗು. "ಗುತ್ತಿಗೆ ದುಡ್ಡು ಬಂತಾ ಅಕ್ಕ?" ಅಂದೆ. "ಹೊಲ ಇದ್ದೋರಿಗೆ ಬಂತಮ್ಮ. ನಮ್ದೇನಿತ್ತು ಅಲ್ಲಿ?" ಅಂದರು.

ನಾನು ನೋಟ್‌ಬುಕ್ ತೆಗೆದೆ. ಆ ಹೊಲಗಳಿಂದ ನಿಮ್ಮ ಮನೆಗೆ ಏನೇನು ಬರುತ್ತಿತ್ತು, ಹೇಳಿ ಅಂದೆ. "ಕೂಲಿ," ಅಂದರು. ಅಷ್ಟೇನಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ನೆನಪಾಯಿತು. ಕಳೆ ಕಿತ್ತರೆ ಕೂಲಿ. ಕಾಯಿ ಬಿಡಿಸಿದರೆ ಕೂಲಿಯ ಜೊತೆ ಮಡಿಲಿಗೆ ನಾಲ್ಕು ಹಿಡಿ ಕಾಯಿ. ಬೆಳೆ ಎತ್ತಿದ ಮೇಲೆ ಹಕ್ಕಲು. ಗೊತ್ತಲ್ಲ, ಗಿಡ ಕಿತ್ತಾಗ ಮಣ್ಣಲ್ಲೇ ಉಳಿದ ಕಾಯಿ. ಅತ್ತೆ, ಮಗಳು, ಇವರು, ಮೂವರೂ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿ ಆಯ್ದು ತರುತ್ತಿದ್ದರಂತೆ. ಮನೆಯ ಎಣ್ಣೆಗೆ ಅದೇ ಕಾಯಿ. ತೊಗರಿಕಡ್ಡಿ ಒಲೆಗೆ. ಬದುವಿನ ಸೊಪ್ಪು ಸಾರಿಗೆ, ಹುಲ್ಲು ಮೇಕೆಗೆ. ಸುತ್ತ ಬೇಲಿ ಬಂದ ಮೇಲೆ ಇದ್ದ ಆರು ಮೇಕೆಗಳನ್ನೂ ಮಾರಿದ್ದರು.

ಪುಟ ತುಂಬಿತು. ಅವರಿಗೆ ಓದು ಬರುವುದಿಲ್ಲ. ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದರು. ಹನ್ನೊಂದು. "ಇಷ್ಟೊಂದಿತ್ತಾ?" ಅಂತ ನನ್ನನ್ನೇ ಕೇಳಿದರು.

ಆ ಹನ್ನೊಂದು ಸಾಲಿನಲ್ಲಿ ಒಂದಾದರೂ ಪಹಣಿಯಲ್ಲಿ ಕಾಣುತ್ತದೆಯೇ? ಇಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ 100 ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ಸುಮಾರು 14. ಹೊಲದಲ್ಲಿ ಬಗ್ಗಿ ದುಡಿಯುವವರು ಎಷ್ಟು ಜನ ಹೆಂಗಸರು ಅಂತ ನಿಮಗೇ ಗೊತ್ತು. 2019ರ ಕುಸುಮ್ ಯೋಜನೆಯ ಸೋಲಾರ್ ಪಂಪ್ ನೋಡಿ. ಅದೂ ಹೊಲ ಇದ್ದವರಿಗೇ. ಮೆಗಾವಾಟ್ ಎಣಿಸುವವರು ಮೇಕೆಯನ್ನೂ ಎಣಿಸಬಹುದು. ಕಷ್ಟದ ಕೆಲಸವಲ್ಲ ಇದು.

ಏನು ಮಾಡಬಹುದು? ಗುತ್ತಿಗೆ ದರ ಗೊತ್ತುಮಾಡುವ ದಿನವೇ ಕೂಲಿ ಕುಟುಂಬಗಳಿಗೂ ವರ್ಷವರ್ಷ ಒಂದು ಪಾಲು ಬರೆದಿಡಬೇಕು. ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಊರಿನ ಹೆಂಗಸರ ಸಂಘಗಳಿಗೆ ಮೊದಲು ಸಿಗಬೇಕು. ಪ್ಯಾನೆಲ್ ಅಡಿಯಲ್ಲಿ ಕುರಿ ಮೇಯಿಸಲು ಬಿಡಬಹುದು. ನೀರಿನ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಅಲ್ಲೂ ಇದೇ ಕಥೆ. ಕೊಳವೆಬಾವಿ ಹೊಲದ ಯಜಮಾನರದು, ಕೊಡ ಹೊತ್ತು ನಡೆಯುವವರು ನೀವು.

ನಿಮ್ಮೂರಿಗೂ ಇಂಥ ಯೋಜನೆ ಬರಬಹುದು. ಸರ್ವೆಯವರು ಬಂದಾಗ ಗಂಡಸರನ್ನಷ್ಟೇ ಮಾತಾಡಿಸಿ ಹೋಗಲು ಬಿಡಬೇಡಿ. ಮಹಿಳಾ ಗ್ರಾಮಸಭೆ ಕರೆಯಿರಿ ಅಂತ ಪಂಚಾಯಿತಿಯಲ್ಲಿ ಕೇಳಿ. ಅದಕ್ಕೂ ಮೊದಲು ಮಕ್ಕಳ ಹಳೆ ನೋಟ್‌ಬುಕ್‌ನಲ್ಲಿ ಒಂದು ಪುಟ ತೆಗೆದು ಪಟ್ಟಿ ಬರೆಸಿಟ್ಟುಕೊಳ್ಳಿ. ಕೂಲಿ, ಮೇವು, ಸೌದೆ, ಸೊಪ್ಪು. ಹಕ್ಕಲನ್ನು ಮರೆಯಬೇಡಿ.

ನಮಸ್ಕಾರ.